ಪ್ರಾಯಕ್ಕೆ ಬರುವ ಮಾತು

ಕಳೆದ ತಿಂಗಳು ಒಂದು ಕಾದಂಬರಿಯ ಪರಿಚಯ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೆ. ಹೆಚ್ಚೆಂದರೆ ಎರಡು ಪುಟ. ಒಂದು ಸಂಜೆಯ ಕೆಲಸವೆಂದುಕೊಂಡು ಕುಳಿತವಳು ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ‘ಇದೊಂದು ಕಮಿಂಗ್ ಆಫ್ ಏಜ್ ಕಥೆ’ ಎಂದು ಮೂಲದಲ್ಲಿತ್ತು. ಆ ಜಾಗದಲ್ಲಿ ಒಂದಷ್ಟು ಚುಕ್ಕಿಗಳನ್ನು ಇಟ್ಟು ಮುಂದೆ ಹೋದೆ. ಉಳಿದದ್ದೆಲ್ಲ ಮುಗಿಯಿತು. ಚುಕ್ಕಿಗಳು ಮಾತ್ರ ನಾಲ್ಕು ದಿನ ಹಾಗೆಯೇ ಕುಳಿತಿದ್ದವು.

‘ಪ್ರಾಪ್ತವಯಸ್ಕನಾಗುವ ಕಥೆ’ ಎಂದು ಬರೆದು ನೋಡಿದೆ. ಓದಿದ ಕೂಡಲೇ ಯಾರೋ ಆಸ್ತಿ ಪಾಲಿನ ದಾವೆ ಹೂಡಿದಂತೆ ಕೇಳಿಸಿತು. ‘ವಯಸ್ಸಿಗೆ ಬಂದ ಹುಡುಗನ ಕಥೆ’ ಎಂದರೆ ಅರ್ಥ ಬೇರೆ ಕಡೆಗೇ ವಾಲುತ್ತದೆ. ಹುಡುಗಿಯ ವಿಷಯದಲ್ಲಂತೂ ಆ ಮಾತನ್ನು ಹಿರಿಯರು ದನಿ ತಗ್ಗಿಸಿಯೇ ಆಡುತ್ತಾರೆ. ‘ಪ್ರಬುದ್ಧತೆಯ ಕಥೆ’ ಎಂದರೆ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆ. ‘ಬೆಳೆದು ದೊಡ್ಡವನಾಗುವ ಕಥೆ’ ಎನ್ನೋಣವೆಂದರೆ ಪುಟ್ಟ ಮಕ್ಕಳ ಚಿತ್ರಪುಸ್ತಕ ಕಣ್ಣ ಮುಂದೆ ಬರುತ್ತದೆ. ಪ್ರತಿಯೊಂದೂ ಮೂಲದ ಒಂದು ತುದಿಯನ್ನು ಹಿಡಿಯುತ್ತಿತ್ತು, ಇನ್ನೊಂದನ್ನು ಕೈಬಿಡುತ್ತಿತ್ತು.

ಮೊದಲಿಗೆ ಕನ್ನಡದಲ್ಲಿ ಪದವಿಲ್ಲವೆಂದು ಬೇಸರವಾಯಿತು. ಆಮೇಲೆ ನೋಡಿದರೆ ಪದಗಳು ಹೆಚ್ಚಾಗಿರುವುದೇ ತೊಡಕು. ಇಂಗ್ಲಿಷ್ ಒಂದೇ ಗಂಟಿನಲ್ಲಿ ಕಟ್ಟಿಟ್ಟಿರುವುದನ್ನು ಕನ್ನಡ ಬಿಚ್ಚಿ ಬೇರೆ ಬೇರೆ ಗೂಟಗಳಿಗೆ ತೂಗುಹಾಕಿದೆ. ಕಾನೂನಿಗೆ ‘ಪ್ರಾಪ್ತವಯಸ್ಸು’. ದೇಹಕ್ಕೆ ‘ಮೈನೆರೆಯುವುದು’, ಹುಡುಗರಾದರೆ ‘ಮೀಸೆ ಮೂಡುವುದು’, ‘ದನಿ ಒಡೆಯುವುದು’. ಕಾಲಕ್ಕೆ ‘ಹರೆಯ’, ‘ಹದಿಹರೆಯ’. ಮನಸ್ಸಿಗೆ ‘ಬುದ್ಧಿ ಬರುವುದು’, ‘ತಿಳಿವಳಿಕೆ ಮೂಡುವುದು’. ಇವೆಲ್ಲ ಒಂದೇ ದಿನ ಆಗುವುದಿಲ್ಲವೆಂದು ನಮ್ಮ ಮಾತಿಗೆ ಚೆನ್ನಾಗಿ ಗೊತ್ತಿದೆ. ಮೀಸೆ ಬಂದು ಹತ್ತು ವರ್ಷವಾದರೂ ಬುದ್ಧಿ ಬಂದಿಲ್ಲವೆಂದು ಬೈಸಿಕೊಳ್ಳುವವರು ಎಲ್ಲ ಮನೆಗಳಲ್ಲೂ ಇದ್ದಾರೆ.

ಆದರೂ ಒಂದು ಪದಗುಚ್ಛ ಇಂಗ್ಲಿಷಿನ ಅಚ್ಚಿಗೆ ತೀರ ಹತ್ತಿರವಿದೆ: ಪ್ರಾಯಕ್ಕೆ ಬರುವುದು. ಎರಡೂ ಭಾಷೆಗಳಲ್ಲಿ ವಯಸ್ಸು ಒಂದು ಸ್ಥಳ. ಅದು ಇದ್ದಲ್ಲೇ ಇರುತ್ತದೆ, ನಡೆದು ಬಂದು ಸೇರಬೇಕಾದವರು ನಾವು. ಮೂರನೆಯ ದಿನ ಬಟ್ಟೆ ಮಡಿಸುತ್ತ ಕುಳಿತಿದ್ದಾಗ ಇನ್ನೊಂದು ಹೊಳೆಯಿತು. ‘ಪ್ರಾಯಕ್ಕೆ ಹೋದಳು’ ಎಂದು ಯಾರೂ ಹೇಳುವುದಿಲ್ಲ, ‘ಬಂದಳು’ ಎಂದೇ ಹೇಳುತ್ತಾರೆ. ‘ಬಾ’ ಎನ್ನುವವರು ಆಗಲೇ ಆ ಜಾಗದಲ್ಲಿ ಇದ್ದವರಾಗಿರಬೇಕು. ಅಂದರೆ ಇದು ಈಗಾಗಲೇ ತಲುಪಿದವರ ಮಾತು. ಆ ಕಡೆಯ ದಡದಲ್ಲಿ ನಿಂತವರು ಈಜಿ ಬರುತ್ತಿರುವವರನ್ನು ನೋಡಿ ಆಡುವ ಮಾತು. ಈಜುತ್ತಿರುವವರಿಗೆ ದಡ ಕಾಣುವುದಿಲ್ಲ, ನೀರು ಮಾತ್ರ ಕಾಣುತ್ತದೆ.

ಅದಾದ ಮೇಲೆ ನನಗೆ ಪದಕ್ಕಿಂತ ಅದನ್ನು ಆಡುವವರು ಯಾರೆಂಬುದೇ ಮುಖ್ಯವಾಯಿತು. ನಾನು ‘ದೊಡ್ಡವಳಾದ’ ಸುದ್ದಿ ನನಗೆ ತಿಳಿದದ್ದು ಅರ್ಧ ಮುಚ್ಚಿದ ಬಾಗಿಲ ಆಚೆಯಿಂದ. ಅಮ್ಮ ಯಾರಿಗೋ ಹೇಳುತ್ತಿದ್ದರು. ನನಗೆ ಹನ್ನೆರಡೂವರೆ ವರ್ಷ, ಮಂಚದ ಕೆಳಗೆ ತಮ್ಮನಿಗೆ ಸಿಗದಂತೆ ಅಡಗಿಸಿಟ್ಟಿದ್ದ ಬಣ್ಣದ ಪೆನ್ಸಿಲುಗಳ ಡಬ್ಬಿಯ ಚಿಂತೆ. ‘ದೊಡ್ಡವಳಾದಳು’ ಎಂಬ ಆ ಕ್ರಿಯಾಪದದ ಕರ್ತೃ ನಾನೇ ಎಂದು ಅರಿವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನೇನೂ ಮಾಡಿರಲಿಲ್ಲ, ನನಗೆ ಏನೋ ಆಗಿತ್ತು. ಅದನ್ನು ‘ದೊಡ್ಡದು’ ಎಂದು ಕರೆದವರು ಬೇರೆಯವರು. ‘ನಾನು ದೊಡ್ಡವಳಾದೆ’ ಎಂದು ಉತ್ತಮ ಪುರುಷದಲ್ಲಿ ಆ ವಾಕ್ಯವನ್ನು ಹೇಳಿಕೊಳ್ಳಲು ಆ ವಯಸ್ಸಿನಲ್ಲಿ ನನ್ನ ಬಳಿ ಏನೂ ಇರಲಿಲ್ಲ.

ಕಾನೂನು ಕೂಡ ಹೀಗೆಯೇ, ಪ್ರಥಮ ಪುರುಷದಲ್ಲಿ ಮಾತಾಡುತ್ತದೆ. ಇಂಗ್ಲಿಷಿನ ಈ ಪದಗುಚ್ಛದ ಹಳೆಯ ಬಳಕೆ ಕಾನೂನಿನದೇ. ‘ಆಫ್ ಏಜ್’ ಎಂದರೆ ಸ್ವಂತ ಹೆಸರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಬಲ್ಲವರು, ಆಸ್ತಿಯನ್ನು ಕೈಗೆ ತೆಗೆದುಕೊಳ್ಳಬಲ್ಲವರು. ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಆ ವಯಸ್ಸು 21 ಆಗಿತ್ತು. 1969ರ ಕಾಯ್ದೆಯೊಂದು ಅದನ್ನು 18ಕ್ಕೆ ಇಳಿಸಿತು, 1970ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಜಪಾನಿನಲ್ಲಿ 1876ರಿಂದ 20 ವರ್ಷವೆಂದಿತ್ತು. 2022ರ ಏಪ್ರಿಲ್ 1ರಂದು ಅದು 18 ಆಯಿತು. ಹಿಂದಿನ ರಾತ್ರಿ ಅಪ್ರಾಪ್ತರಾಗಿ ಮಲಗಿದ 18, 19 ವರ್ಷದವರೆಲ್ಲ ಬೆಳಗ್ಗೆ ಒಟ್ಟಿಗೇ ಪ್ರಾಪ್ತರಾಗಿ ಎದ್ದರು. ಅವರಲ್ಲಿ ಒಬ್ಬರಾದರೂ ಅಂದು ಕನ್ನಡಿಯಲ್ಲಿ ಬೇರೆ ಮುಖವನ್ನು ಕಂಡಿರಲಾರರು.

ಅದೇ ಜಪಾನಿನ ಇನ್ನೊಂದು ಸಂಗತಿ ನನಗೆ ಇಷ್ಟ. ಪ್ರಾಯಕ್ಕೆ ಬಂದವರಿಗಾಗಿಯೇ ಅಲ್ಲಿ ಒಂದು ರಾಷ್ಟ್ರೀಯ ರಜೆಯಿದೆ. 1948ರಲ್ಲಿ ಶುರುವಾದಾಗ ಅದು ಜನವರಿ 15, 2000ದಿಂದ ಜನವರಿಯ ಎರಡನೆಯ ಸೋಮವಾರ. ಕಾನೂನು 18ಕ್ಕೆ ಇಳಿದ ಮೇಲೂ ಬಹಳಷ್ಟು ಊರುಗಳ ಆಡಳಿತಗಳು ಸಮಾರಂಭವನ್ನು 20 ತುಂಬಿದವರಿಗೇ ಮಾಡುತ್ತಿವೆ. 18ರ ಹುಡುಗ ಹುಡುಗಿಯರು ಪರೀಕ್ಷೆಯ ಗಡಿಬಿಡಿಯಲ್ಲಿ ಇರುತ್ತಾರೆಂಬುದು ಒಂದು ಕಾರಣ. ಹೀಗಾಗಿ ಅಲ್ಲಿ ಒಬ್ಬ ವ್ಯಕ್ತಿ ಕಾಯ್ದೆಯ ಪುಸ್ತಕದಲ್ಲಿ ಒಮ್ಮೆ, ಎರಡು ವರ್ಷ ಬಿಟ್ಟು ಜನರ ಮುಂದೆ ಇನ್ನೊಮ್ಮೆ ಪ್ರಾಯಕ್ಕೆ ಬರುತ್ತಾನೆ. ಈ ಎರಡರ ನಡುವಿನ ಅಂತರವನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ.

ಅಮೆರಿಕದಲ್ಲಿ ವಯಸ್ಸಿನ ಅಂಕಿ ಕೆಳಗಿಳಿದದ್ದರ ಹಿಂದೆ ಕೋಪವಿತ್ತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಕಡ್ಡಾಯ ಸೇನಾ ಭರ್ತಿಯ ವಯಸ್ಸನ್ನು 18ಕ್ಕೆ ಇಳಿಸಿದರು. ಮತದಾನದ ವಯಸ್ಸು ಬಹುತೇಕ ಎಲ್ಲ ಕಡೆ 21ರಲ್ಲೇ ಉಳಿಯಿತು. ಹೋರಾಡುವಷ್ಟು ದೊಡ್ಡವರಾದರೆ ಮತ ಹಾಕುವಷ್ಟೂ ದೊಡ್ಡವರೇ ಎಂಬ ಘೋಷಣೆ ಆಗ ಹುಟ್ಟಿತು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಜೋರಾಯಿತು, 1971ರಲ್ಲಿ ಮತದಾನದ ವಯಸ್ಸನ್ನೂ 18ಕ್ಕೆ ಇಳಿಸಿದ ಸಂವಿಧಾನದ 26ನೆಯ ತಿದ್ದುಪಡಿ ಬಂದಿತು. ಸಾಯಲು ಕಳುಹಿಸುವಾಗ ದೊಡ್ಡವರು, ಅಭಿಪ್ರಾಯ ಕೇಳುವಾಗ ಚಿಕ್ಕವರು. ಈ ಅನ್ಯಾಯ ಒಂದು ದೇಶಕ್ಕೆ, ಒಂದು ಯುದ್ಧಕ್ಕೆ ಸೀಮಿತವಲ್ಲ. ಹತ್ತು ವರ್ಷಕ್ಕೇ ದುಡಿಯಲು ಹೋಗುವ ಮಗು ಮನೆಯ ಭಾರದ ಒಂದು ಪಾಲನ್ನು ಹೊರುತ್ತದೆ, ಆದರೆ ಮನೆಯ ತೀರ್ಮಾನಗಳ ಹೊತ್ತಿಗೆ ಅದನ್ನು ‘ನೀನು ಆಚೆ ಹೋಗು’ ಎನ್ನುತ್ತಾರೆ. ಭಾರ ಬಂತು, ಪ್ರಾಯ ಬರಲಿಲ್ಲ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಈ ದೃಷ್ಟಿಯಿಂದ ಓದಿದರೆ ಒಂದು ಸೂಕ್ಷ್ಮ ಸಿಗುತ್ತದೆ. ಮೊದಲ ವಿಧಿ ಮಗುವೆಂದರೆ 18ರೊಳಗಿನವರು ಎನ್ನುತ್ತದೆ, ಆಯಾ ದೇಶದ ಕಾನೂನು ಅದಕ್ಕೂ ಮೊದಲೇ ಪ್ರಾಪ್ತರೆಂದರೆ ಅದು ಬೇರೆ ಮಾತು. 12ನೆಯ ವಿಧಿ ಮಗುವಿಗೆ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಕೊಡುತ್ತದೆ. ಆ ಅಭಿಪ್ರಾಯಕ್ಕೆ ಮಗುವಿನ ‘ವಯಸ್ಸಿಗೂ ಪ್ರೌಢಿಮೆಗೂ’ ತಕ್ಕ ತೂಕ ಕೊಡಬೇಕು ಎನ್ನುತ್ತದೆ. ವಯಸ್ಸು ಒಂದು, ಪ್ರೌಢಿಮೆ ಇನ್ನೊಂದು. ಅಂಕಿಯನ್ನು ನಂಬಿಯೇ ಬದುಕುವ ಕಾನೂನು ಕೂಡ ಅಂಕಿಯೊಂದೇ ಸಾಲದೆಂದು ಇಲ್ಲಿ ಒಪ್ಪಿಕೊಂಡಿದೆ.

ಈ ಪದಗುಚ್ಛ ಕಾನೂನಿನ ಮನೆಯಿಂದ ಹೊರಬಂದು ಊರೆಲ್ಲ ಸುತ್ತಿದ್ದು ಮಾನವಶಾಸ್ತ್ರಜ್ಞರ, ಮನಶ್ಶಾಸ್ತ್ರಜ್ಞರ, ಕಾದಂಬರಿಕಾರರ ಜೊತೆಯಲ್ಲಿ. 1904ರಲ್ಲಿ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ ಹದಿಹರೆಯದ ಮೇಲೆ ಎರಡು ಸಂಪುಟಗಳ ದೊಡ್ಡ ಗ್ರಂಥ ಬರೆದು, ಅದು ಬಿರುಗಾಳಿಯ ಮತ್ತು ಒತ್ತಡದ ಕಾಲವೆಂದರು. ಆ ಮಾತನ್ನು ಅವರು ಎರವಲು ತಂದದ್ದು ಜರ್ಮನ್ ಸಾಹಿತ್ಯದಿಂದ. ವಿಜ್ಞಾನವೂ ಈ ವಯಸ್ಸನ್ನು ವಿವರಿಸಲು ಸಾಹಿತ್ಯದ ಬಾಗಿಲು ತಟ್ಟಬೇಕಾಯಿತು. 1928ರಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಸಮೋವಾ ದ್ವೀಪಗಳ ಹುಡುಗಿಯರ ಕುರಿತು ಬರೆದ ಪುಸ್ತಕದ ಹೆಸರಿನಲ್ಲೇ ‘ಕಮಿಂಗ್ ಆಫ್ ಏಜ್’ ಇತ್ತು. ಅಲ್ಲಿ ಹರೆಯ ಅಂಥ ಬಿರುಗಾಳಿಯಿಲ್ಲದೆ ಸಾಗುತ್ತದೆ ಎಂಬುದು ಅವರ ವಾದ. 1983ರಲ್ಲಿ ಇನ್ನೊಬ್ಬ ಮಾನವಶಾಸ್ತ್ರಜ್ಞ ಡೆರೆಕ್ ಫ್ರೀಮನ್ ಅದನ್ನು ಕಟುವಾಗಿ ಖಂಡಿಸಿದರು, ಜಗಳ ಬಹುಕಾಲ ನಡೆಯಿತು. ಯಾರು ಸರಿ ಎಂಬುದು ನನ್ನ ಇಂದಿನ ವಿಷಯವಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದವರು ಜನಪದ ಆಚರಣೆಗಳನ್ನು ಅಧ್ಯಯನ ಮಾಡಿದ ಆರ್ನಾಲ್ಡ್ ವಾನ್ ಗೆನೆಪ್. 1909ರಲ್ಲಿ ಅವರು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಆಚರಣೆಗಳಲ್ಲಿ ಒಂದು ವಿನ್ಯಾಸವನ್ನು ಗುರುತಿಸಿದರು. ಮೊದಲು ಹಳೆಯದರಿಂದ ಬೇರ್ಪಡುವುದು, ಆಮೇಲೆ ನಡುವಿನ ಸ್ಥಿತಿ, ಕೊನೆಗೆ ಹೊಸ ಸ್ಥಾನದಲ್ಲಿ ಸೇರಿಕೊಳ್ಳುವುದು. ನಡುವಿನದಕ್ಕೆ ಅವರು ಆರಿಸಿದ ಹೆಸರಿನ ಬೇರು ಹೊಸ್ತಿಲು ಎಂಬ ಅರ್ಥದ ಲ್ಯಾಟಿನ್ ಪದ. 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಆ ಹೊಸ್ತಿಲ ಮೇಲೆಯೇ ಬಹಳ ಹೊತ್ತು ನಿಂತು ಯೋಚಿಸಿದರು. ಹೊಸ್ತಿಲ ಮೇಲಿರುವವರಿಗೆ ಹಳೆಯ ಹೆಸರು ಸಲ್ಲುವುದಿಲ್ಲ, ಹೊಸ ಹೆಸರು ಇನ್ನೂ ಬಂದಿರುವುದಿಲ್ಲ.

ಆ ನಡುವಿನ ಸ್ಥಿತಿಗೆ ಕನ್ನಡದಲ್ಲಿ ಒಂದು ಮುದ್ದಾದ ಪದವಿದೆ: ದೋರೆಗಾಯಿ. ಪೂರ್ತಿ ಕಾಯಿಯೂ ಅಲ್ಲ, ಹಣ್ಣೂ ಅಲ್ಲ. ಹದಿನಾಲ್ಕು ಹದಿನೈದರ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಅದರ ಬೆನ್ನಿಗೇ ಇನ್ನೆರಡು ಪದಗಳು ಬರುತ್ತವೆ: ಬಲಿಯುವುದು, ಮಾಗುವುದು. ಕಾಯಿ ಬಲಿಯುವಾಗ ಗಟ್ಟಿಯಾಗುತ್ತದೆ. ಬಲಿತದ್ದು ಮಾಗುವಾಗ ಮೆದುವಾಗುತ್ತದೆ. ‘ಬುದ್ಧಿ ಬಲಿತಿದೆ’ ಎನ್ನುತ್ತೇವೆ, ‘ಮಾಗಿದ ಮನಸ್ಸು’ ಎನ್ನುತ್ತೇವೆ. ಎರಡನ್ನೂ ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿಬಿಡಬಹುದು. ಕನ್ನಡದಲ್ಲಿ ಯೋಚಿಸುವ ನನಗೆ ಅವು ಎದುರುಬದುರಾದ ಎರಡು ಚಲನೆಗಳು. ಲೋಕದ ಪೆಟ್ಟಿಗೆ ಒಗ್ಗಿ ಗಟ್ಟಿಯಾಗುವವನ ಕಥೆಯನ್ನು ಪ್ರಾಯಕ್ಕೆ ಬರುವ ಕಥೆ ಎನ್ನುತ್ತಾರೆ, ಇನ್ನೊಬ್ಬರ ನೋವು ಒಳಗಿಳಿಯುವಷ್ಟು ಮೆದುವಾಗುವವಳ ಕಥೆಯನ್ನೂ ಹಾಗೆಯೇ ಕರೆಯುತ್ತಾರೆ. ನಾನು ಮೆಚ್ಚಿದ ಕಥೆಗಳಲ್ಲಿ ಎರಡೂ ಆಗುತ್ತವೆ. ಬಲಿಯದೆ ಮಾಗಿದ್ದು ಬಾಡಿದಂತೆ, ಬಲಿತೂ ಮಾಗದೆ ಉಳಿದದ್ದು ಕಹಿ.

ಕಥೆಗಳ ವಿಷಯಕ್ಕೆ ಬಂದರೆ, ಜರ್ಮನರ ‘ಬಿಲ್ಡುಂಗ್ಸ್‌ರೋಮಾನ್’ ಎಂಬ ಪದವನ್ನು ನೆನೆಯಲೇಬೇಕು. 19ನೆಯ ಶತಮಾನದ ಆರಂಭದಲ್ಲಿ ಕಾರ್ಲ್ ಮಾರ್ಗನ್‌ಸ್ಟರ್ನ್ ಎಂಬ ಪ್ರಾಧ್ಯಾಪಕರು ಅದನ್ನು ಬಳಸಿದರು, ಆಮೇಲೆ ವಿಲ್ಹೆಲ್ಮ್ ಡಿಲ್ಥೆ ಅದಕ್ಕೆ ಪ್ರಚಾರ ತಂದರು. ಎಲ್ಲರೂ ಮಾದರಿಯೆಂದು ತೋರಿಸುತ್ತಿದ್ದುದು 1795–96ರಲ್ಲಿ ಬಂದ ಗಯಟೆಯ ಕಾದಂಬರಿಯನ್ನು. ‘ಬಿಲ್ಡುಂಗ್’ ಎಂದರೆ ರೂಪುಗೊಳ್ಳುವುದು. ಅಲ್ಲಿ ಒಬ್ಬ ತರುಣ ವರ್ಷಗಟ್ಟಲೆ ಅಲೆಯುತ್ತಾನೆ, ತಪ್ಪು ಮಾಡುತ್ತಾನೆ, ಕೊನೆಗೆ ಲೋಕದಲ್ಲಿ ತನ್ನ ಜಾಗವನ್ನು ಕಂಡುಕೊಳ್ಳುತ್ತಾನೆ. ಇಂದು ನಾವು ಪ್ರಾಯಕ್ಕೆ ಬರುವ ಕಥೆ ಎನ್ನುವುದು ಇದಕ್ಕಿಂತ ಸಡಿಲ. ಅದು ಒಂದು ಬೇಸಿಗೆ ರಜೆಯಲ್ಲಿ ನಡೆಯಬಹುದು, ಒಂದೇ ಮಧ್ಯಾಹ್ನದಲ್ಲೂ ನಡೆಯಬಹುದು. ಕೊನೆಯಲ್ಲಿ ಜಾಗ ಸಿಗಲೇಬೇಕೆಂದಿಲ್ಲ. ಇದ್ದ ಜಾಗ ತನ್ನದಲ್ಲವೆಂದು ತಿಳಿದರೂ ಸಾಕು.

ಸಡಿಲವಾದ ಪದವನ್ನು ಎಲ್ಲದಕ್ಕೂ ತೊಡಿಸುವುದು ಸುಲಭ. ಹದಿನಾರು ವರ್ಷದ ಪಾತ್ರವೊಂದು ಕಂಡರೆ ಸಾಕು, ಪುಸ್ತಕದ ಬೆನ್ನಿನ ಮೇಲೆ ಈ ಹಣೆಪಟ್ಟಿ ಬೀಳುತ್ತದೆ. ಮೊದಲ ಪ್ರೇಮ, ಮೊದಲ ಸುಳ್ಳು, ಮನೆಬಿಟ್ಟು ಓಡಿಹೋದ ಮೊದಲ ರಾತ್ರಿ. ಮೊದಲುಗಳನ್ನು ಪೋಣಿಸಿದರೆ ಪ್ರಾಯ ಬಂದಂತಾಗುವುದಿಲ್ಲ. ನನ್ನ ಪರೀಕ್ಷೆ ಸರಳವಾದದ್ದು. ಕೊನೆಯ ಪುಟದಲ್ಲಿರುವ ವ್ಯಕ್ತಿ ಮೊದಲ ಪುಟಕ್ಕೆ ವಾಪಸು ಹೋಗಿ ಅಲ್ಲಿದ್ದವರ ಜೊತೆ ಮೊದಲಿನಂತೆಯೇ ಊಟಕ್ಕೆ ಕೂರಬಲ್ಲನೇ? ಕೂರಬಲ್ಲನೆಂದರೆ ಅದು ಸಾಹಸದ ಕಥೆ, ಪ್ರೇಮದ ಕಥೆ, ಇನ್ನೇನೋ. ಕೂರಲಾರನೆಂದರೆ, ಅವರ ಮುಖಗಳಲ್ಲಿ ಮೊದಲು ಕಾಣದ್ದು ಈಗ ಕಾಣುತ್ತಿದೆಯೆಂದರೆ, ಅದು ಪ್ರಾಯಕ್ಕೆ ಬಂದ ಕಥೆ.

ಇಂಥ ಕಥೆಗೆ ಎರಡು ವಯಸ್ಸುಗಳು ಬೇಕು: ಅನುಭವಿಸುವವರ ವಯಸ್ಸು, ಹೇಳುವವರ ವಯಸ್ಸು. ‘ಆಗ ನನಗೆ ಗೊತ್ತಿರಲಿಲ್ಲ’ ಎಂಬ ಮೂರು ಪದಗಳಲ್ಲಿ ಇಬ್ಬರೂ ಇದ್ದಾರೆ. ಗೊತ್ತಿಲ್ಲದೆ ನಿಂತಿರುವ ಹುಡುಗಿ, ಗೊತ್ತಾದ ಮೇಲೆ ತಿರುಗಿ ನೋಡುತ್ತಿರುವ ಹೆಂಗಸು. ಕೆಲವು ಲೇಖಕರು ಹಿರಿಯ ದನಿಯನ್ನು ಪೂರ್ತಿ ತೆಗೆದುಬಿಟ್ಟು ಮಗುವಿನ ಕಣ್ಣಿನಿಂದಲೇ ಹೇಳಿಸುತ್ತಾರೆ. ಆಗ ಹಿರಿಯರ ಜಾಗದಲ್ಲಿ ಓದುಗರಾದ ನಾವೇ ಕೂರಬೇಕಾಗುತ್ತದೆ. ಮಗು ತನಗೆ ಅರ್ಥವಾಗದ್ದನ್ನು ಅಂಗೈಯಲ್ಲಿಟ್ಟು ತೋರಿಸುತ್ತದೆ, ಅದೇನೆಂದು ಗೊತ್ತಿರುವ ನಮಗೆ ಹೇಳಲಾಗುವುದಿಲ್ಲ. ಆ ಸಂಕಟವನ್ನು ನಾನು ಬಹಳ ಗೌರವಿಸುತ್ತೇನೆ. ಕಾನೂನು, ಆಚರಣೆ, ಬಂಧುಬಳಗ ಎಲ್ಲವೂ ‘ದೊಡ್ಡವಳಾದಳು’ ಎನ್ನುತ್ತಿರುವಾಗ, ‘ದೊಡ್ಡವಳಾದೆ’ ಎಂದು ನಾವೇ ಹೇಳಿಕೊಳ್ಳಲು ಜಾಗವಿರುವುದು ಕಥೆಯಲ್ಲಿ ಮಾತ್ರ.

ನನ್ನ ಜಾಗ ಒಂದು ಮೇಜಿನ ಮುಂದಿತ್ತು.

ಅಪ್ಪನಿಗೆ ಅಕ್ಷರವೆಂದರೆ ಶ್ರದ್ಧೆ. ಚಿಕ್ಕವಳಿದ್ದಾಗ ನನ್ನ ರಜಾ ಅರ್ಜಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ನಾನು ಸದಾ ಎಡವುತ್ತಿದ್ದುದು ಮಹಾಪ್ರಾಣಗಳಲ್ಲಿ. ‘ಧ’ ಇರಬೇಕಾದಲ್ಲಿ ‘ದ’, ‘ಭ’ ಇರಬೇಕಾದಲ್ಲಿ ‘ಬ’. ಅಪ್ಪ ತಮ್ಮ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು, ‘ಈಗ ಹೇಳು’ ಎನ್ನುತ್ತಿದ್ದರು. ‘ಬ’ ಎಂದರೆ ಅಂಗೈಗೆ ಹೆಚ್ಚೇನೂ ತಾಗುವುದಿಲ್ಲ. ‘ಭ’ ಎಂದರೆ ಉಸಿರು ಬಂದು ಬಡಿಯುತ್ತದೆ. ‘ಆ ಉಸಿರಿಗೋಸ್ಕರವೇ ಕೆಳಗೊಂದು ಗೆರೆ. ಗೆರೆ ಮರೆತರೆ ಅಕ್ಷರದ ಉಸಿರು ಹೋಯಿತು’ ಎನ್ನುತ್ತಿದ್ದರು.

ನನಗೆ ಹದಿನೇಳಾಗಿದ್ದಾಗ ಒಂದು ರಾತ್ರಿ, ಊಟವಾದ ಮೇಲೆ, ನಾನು ಓದುತ್ತಿದ್ದ ಮೇಜಿನ ಎದುರು ಬಂದು ಕುಳಿತರು. ಒಂದು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ‘ಒಮ್ಮೆ ಓದು. ತಪ್ಪಿದ್ದರೆ ತಿದ್ದು.’ ಅವರು ಹಾಗೆ ಕೇಳಿದ್ದು ಅದೇ ಮೊದಲು. ಕಚೇರಿಗೆ ಬರೆದ ಪತ್ರ ಅದು. ಯಾವುದೋ ಲೆಕ್ಕದಲ್ಲಿ ವ್ಯತ್ಯಾಸ ಬಂದಿತ್ತು, ವಿವರಣೆ ಕೇಳಿ ಅವರಿಗೆ ನೋಟಿಸ್ ಬಂದಿತ್ತು. ಅದು ಬಂದು ಒಂದು ವಾರವಾಗಿತ್ತು. ಆ ವಾರವೆಲ್ಲ ಅಪ್ಪ ಎಂದಿನಂತೆ ಪತ್ರಿಕೆ ಓದಿದ್ದರು, ತಮ್ಮನ ಸೈಕಲ್ಲಿನ ಸರಪಳಿ ಸರಿಮಾಡಿದ್ದರು.

ಓದಿದೆ. ಎರಡು ತಪ್ಪುಗಳು ಕಣ್ಣಿಗೆ ಬಿದ್ದವು. ಕೊನೆಯಲ್ಲಿ ‘ತಮ್ಮ ವಿದೇಯ’ ಎಂದಿತ್ತು. ನಡುವೆ ಒಂದು ಕಡೆ ‘ಬವಿಷ್ಯ’ ಎಂದಿತ್ತು. ನನ್ನ ಅಪ್ಪನ ಕೈಯಲ್ಲಿ, ಎರಡು ಅಕ್ಷರಗಳ ಉಸಿರು ತಪ್ಪಿತ್ತು. ‘ಬವಿಷ್ಯ’ ಇದ್ದ ವಾಕ್ಯ ಹೀಗಿತ್ತು: ‘ನನ್ನ ಇಬ್ಬರು ಮಕ್ಕಳ ಮುಖ ನೋಡಿಯಾದರೂ, ಅವರ ಬವಿಷ್ಯವನ್ನು ನೆನೆದಾದರೂ, ಈ ಒಂದು ಬಾರಿ ನನ್ನನ್ನು ಮನ್ನಿಸಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ.’

ಆ ಇಬ್ಬರಲ್ಲಿ ಒಬ್ಬಳ ಮುಖ ಅದೇ ಹಾಳೆಯ ಮೇಲೆ ಬಾಗಿತ್ತು. ತಲೆ ಎತ್ತಿದರೆ ಅಪ್ಪ ನನ್ನನ್ನು ನೋಡುತ್ತಾರೆಂದು ಎತ್ತಲಿಲ್ಲ. ಅವರಿಗೆ ಭಯವಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಯಾರದೋ ಮುಂದೆ ಅವರು ಕೈಮುಗಿಯಬೇಕಾಗಿದೆ ಎಂಬುದೂ, ಹಾಗೆ ಮುಗಿದ ಕೈಗಳ ನಡುವೆ ನನ್ನನ್ನೂ ತಮ್ಮನನ್ನೂ ಇಟ್ಟಿದ್ದಾರೆ ಎಂಬುದೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಪೆನ್ನು ತೆಗೆದುಕೊಂಡು ‘ಬ’ದ ಕೆಳಗೊಂದು ಗೆರೆ ಎಳೆದೆ, ‘ದ’ದ ಕೆಳಗೊಂದು ಎಳೆದೆ. ವಾಕ್ಯವನ್ನು ಮುಟ್ಟಲಿಲ್ಲ. ಬೇಡವೆಂದು ಹೇಳುವ ಧೈರ್ಯವಿರಲಿಲ್ಲ. ಹೇಳಿದರೆ ನಾನು ಓದಿದ್ದೇನೆ ಎಂದಾಗುತ್ತಿತ್ತು.

‘ಇಷ್ಟೇ?’ ಎಂದರು.

‘ಇಷ್ಟೇ ಅಪ್ಪ.’

ಹಾಳೆ ತೆಗೆದುಕೊಂಡು ಎದ್ದುಹೋದರು. ಒಳಗಿನ ಕೋಣೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಕೆಲಸ ಹೋಗಲಿಲ್ಲ. ವ್ಯತ್ಯಾಸ ಬೇರೆಲ್ಲೋ ಸಿಕ್ಕಿತಂತೆ, ಕೆಲವು ತಿಂಗಳ ಬಳಿಕ ಅಮ್ಮನ ಮಾತಿನಿಂದ ತಿಳಿಯಿತು.

ಅದಾದ ಮರುವರ್ಷ ನನಗೆ ಹದಿನೆಂಟು ತುಂಬಿತು. ಆ ದಿನದ ಏನೊಂದೂ ನೆನಪಿಲ್ಲ.

ಜೆಫ್ರಿ ಆರ್ನೆಟ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ 18ರಿಂದ 25ರವರೆಗಿನ ಕಾಲಕ್ಕೆ ಪ್ರತ್ಯೇಕ ಹೆಸರು ಬೇಕೆಂದು ವಾದಿಸಿದರು. ಹದಿಹರೆಯ ಮುಗಿದಿದೆ, ಪೂರ್ಣ ವಯಸ್ಕರಾಗಿಲ್ಲ, ಮೂಡುತ್ತಿರುವ ಪ್ರೌಢತೆ ಅದು ಎಂದರು. ದೊಡ್ಡವರಾಗುವುದೆಂದರೇನು ಎಂದು ಅವರು ಯುವಜನರನ್ನು ಕೇಳಿದಾಗ ಮದುವೆ, ಪದವಿ, ಮಕ್ಕಳು ಮೇಲಿನ ಸಾಲಿಗೆ ಬರಲಿಲ್ಲ. ತನ್ನ ಹೊಣೆಯನ್ನು ತಾನೇ ಹೊರುವುದು, ತನ್ನ ತೀರ್ಮಾನಗಳನ್ನು ತಾನೇ ಮಾಡುವುದು, ತನ್ನ ಖರ್ಚನ್ನು ತಾನೇ ನೋಡಿಕೊಳ್ಳುವುದು ಎಂಬ ಉತ್ತರಗಳು ಮುಂದೆ ಬಂದವು. ಒಪ್ಪತಕ್ಕ ಉತ್ತರಗಳೇ. ಆದರೆ ಮೂರರಲ್ಲೂ ‘ತಾನೇ’ ಎಂಬುದು ಜೋರಾಗಿ ಕೇಳಿಸುತ್ತದೆ. ನನ್ನ ಮೇಜಿನ ಮುಂದೆ ನಡೆದದ್ದರಲ್ಲಿ ‘ತಾನೇ’ ಇರಲಿಲ್ಲ. ಎದುರಿಗಿದ್ದ ಇನ್ನೊಬ್ಬರು ಮೊದಲ ಸಲ ಕಂಡರು, ಅಷ್ಟೇ ನಡೆದದ್ದು. ಹದಿನೇಳು ವರ್ಷ ಅಪ್ಪ ನನಗೆ ಒಂದು ಗೋಡೆಯಂತೆ, ಒಂದು ಸೂರಿನಂತೆ ಇದ್ದರು. ಆ ರಾತ್ರಿ ಅವರು ಒಬ್ಬ ಮನುಷ್ಯರಾದರು.

ಹೀಗೆ ನೋಡಿದರೆ ಪ್ರಾಯಕ್ಕೆ ಬರಲು ಹದಿಹರೆಯವೇ ಬೇಕೆಂದಿಲ್ಲ. ಐವತ್ತರ ಗೆಳತಿಯೊಬ್ಬಳು ಅಮ್ಮ ತೀರಿಕೊಂಡ ಮೇಲೆ, ‘ಈಗ ನನ್ನ ಮುಂದೆ ಯಾರೂ ಇಲ್ಲ, ಸಾಲಿನಲ್ಲಿ ನಾನೇ ಮೊದಲಿಗಳು’ ಎಂದಿದ್ದಳು. ಅವಳ ದನಿಯಲ್ಲಿದ್ದದ್ದು ಹದಿನಾರರ ಬೆರಗೇ. ಕ್ರೀಡೆಗೂ ಉದ್ಯಮಕ್ಕೂ ‘ಪ್ರಾಯಕ್ಕೆ ಬಂತು’ ಎನ್ನುವ ರೂಢಿ ಇಂಗ್ಲಿಷಿನಲ್ಲಿದೆ, ಅದನ್ನು ಕನ್ನಡಕ್ಕೆ ತರುವವರು ‘ಪ್ರಬುದ್ಧಾವಸ್ಥೆಗೆ ಬಂತು’ ಎಂದು ಬರೆದರೆ ಸಾಕು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ನಾಲ್ಕನೆಯ ದಿನ ಚುಕ್ಕಿಗಳನ್ನು ಅಳಿಸಿದೆ. ಹಣೆಪಟ್ಟಿಯನ್ನೇ ಕೈಬಿಟ್ಟು ಆ ಕಾದಂಬರಿಯಲ್ಲಿ ಆಗುವುದನ್ನೇ ಬರೆದೆ: ‘ಹುಡುಗನೊಬ್ಬ ತನ್ನ ಮನೆಯವರನ್ನು ಮೊದಲ ಬಾರಿಗೆ ಕಾಣುವ ಕಥೆ ಇದು.’ ಸಂಪಾದಕರು ಮೂಲದ ಪದ ಎಲ್ಲಿ ಎಂದು ಕೇಳಿದರು. ವಿವರಿಸಿದೆ. ಉಳಿಸಿಕೊಂಡರು.

ಇದನ್ನು ಬರೆಯುವ ಮೊದಲು, ಅಪ್ಪನ ನಿವೃತ್ತಿಯ ಕಾಗದಪತ್ರಗಳಲ್ಲಿ ಒಂದು ಪ್ರಮಾಣಪತ್ರ ಬೇಕಾಗಿತ್ತು, ಅವರ ಹಳೆಯ ಕಡತವನ್ನು ಬಿಚ್ಚಿ ಹುಡುಕುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಟ್ಯಾಗ್ ಹಾಕಿದ ಕಾಗದಗಳ ನಡುವೆ ಆ ಪತ್ರದ ಕಾರ್ಬನ್ ಪ್ರತಿ ಸಿಕ್ಕಿತು. ಆ ರಾತ್ರಿ ಒಳಗಿನ ಕೋಣೆಯಲ್ಲಿ ಕುಳಿತು ಹೊಸ ಹಾಳೆಯಲ್ಲಿ ಬರೆದದ್ದು. ‘ತಮ್ಮ ವಿಧೇಯ’ ಸರಿಯಾಗಿತ್ತು. ‘ಧ’ದ ಕೆಳಗಿನ ಗೆರೆಯನ್ನು ಪೆನ್ನು ಒತ್ತಿ ಎಳೆದಿದ್ದರು, ಕಾರ್ಬನ್ನಿನಲ್ಲಿ ಅದು ಉಳಿದೆಲ್ಲ ಅಕ್ಷರಗಳಿಗಿಂತ ಕಪ್ಪಾಗಿ ಮೂಡಿತ್ತು. ‘ಭವಿಷ್ಯ’ವನ್ನು ಹುಡುಕಿದೆ. ಪುಟದ ಮೇಲಿಂದ ಕೆಳಗೆ ಎರಡು ಸಲ ಓದಿದೆ. ಮಕ್ಕಳ ಮುಖದ ಆ ವಾಕ್ಯ ಅಲ್ಲಿರಲಿಲ್ಲ. ಆ ಜಾಗದಲ್ಲಿ ಒಂದೇ ಸಾಲಿತ್ತು: ‘ಲೆಕ್ಕವನ್ನು ಇನ್ನೊಮ್ಮೆ ಪರಿಶೀಲಿಸಲು ನನಗೆ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.’